ಐವತ್ತನಾಲ್ಕು ಅಂಕಿ

ಫೆಬ್ರವರಿ. ಟ್ವಿಲಿಂಗೇಟಿನ ಕೊಲ್ಲಿ ಹೆಪ್ಪುಗಟ್ಟಿದೆ,
ದೋಣಿಗಳೆಲ್ಲ ದಡದಲ್ಲಿ ಬೋರಲು.
ಊರೆಲ್ಲ ಬಿಳಿ. ನಮ್ಮ ಕಂಪ್ಯೂಟರಿನ ಪರದೆ ಮಾತ್ರ ಕಪ್ಪು,
ಬಲಮೂಲೆಯಲ್ಲೊಂದು ಸಾಲು:
ಈ ಪ್ರತಿ ಅಸಲಿಯಲ್ಲ. ನೀವು ಮೋಸಹೋಗಿರಬಹುದು.

ಮೋಸಹೋಗಿರಬಹುದು ಅನ್ನುವುದು ಮರ್ಯಾದೆಯ ಮಾತು.
ಅಂಗಡಿಯವನು ಚೀಲ ತಡವುವ ಮುಂಚೆ
ಮುಗುಳ್ನಗುತ್ತಾನಲ್ಲ, ಹಾಗೆ.
ನಾನು ಕುಂಬಳಕಾಯಿ ಕದ್ದವಳಲ್ಲ.
ಆದರೂ, ಸುಳ್ಳೇಕೆ ಹೇಳಲಿ,
ಹೆಗಲು ಮುಟ್ಟಿ ನೋಡಿಕೊಂಡೆ.

ರಸೀದಿ ಇದೆ. ಬಿಸ್ಕತ್ತಿನ ಡಬ್ಬಿಯಲ್ಲಿ,
ಮದುವೆಯ ಪತ್ರ, ನಾಯಿಯ ಲಸಿಕೆ ಚೀಟಿ,
ಎಲ್ಡ್ರೆಡ್‌ನ ಸೊಂಟದ ಎಕ್ಸ್‌ರೇ, ಎಲ್ಲದರ ಅಡಿಗೆ.
ಒಂಬೈನೂರ ನಲವತ್ತು ಡಾಲರು, ತೆರಿಗೆ ಬೇರೆ.
ಗ್ಯಾಂಡರಿನಿಂದ ಹಿಮದಲ್ಲಿ ನೂರು ಕಿಲೋಮೀಟರು
ಮಡಿಲಲ್ಲಿ ಕೂರಿಸಿಕೊಂಡು ತಂದದ್ದು,
ಹಿಂದಿನ ಸೀಟಿನಲ್ಲಿ ಕುಲುಕೀತೆಂದು.
ರಸೀದಿಯ ಶಾಯಿ ಹಾರಿಹೋಗಿದೆ.
ಕಿಟಕಿಯ ಬೆಳಕಿಗೆ ಹಿಡಿದರೆ
ಅಂಗಡಿಯ ಹೆಸರಿನರ್ಧ ಕಾಣುತ್ತದೆ,
ನನ್ನ ಹೆಸರು ಇಲ್ಲ.

ಡಿಸೆಂಬರಿನ ಬಿರುಗಾಳಿಗೆ ಕರೆಂಟು
ಹೋಗಿ, ಬಂದು, ಹೋಗಿ, ಒಳಗಿನ ಮದರ್‌ಬೋರ್ಡು ಸುಟ್ಟಿತ್ತು.
ತಂಗಿಯ ಮಗ ಕ್ಲೈಡ್ ಹೊಸದು ಹಾಕಿಕೊಟ್ಟ.
ಕೂಲಿ ಒಂದು ಜೊತೆ ಕೈಗವಸು,
ಮೂರು ಬಾಟಲಿ ಬೇಕ್‌ಆ್ಯಪಲ್ ಹಣ್ಣಿನ ಜಾಮು.
ಅಂದಿನಿಂದ ಯಂತ್ರಕ್ಕೆ ತನ್ನ ಗುರುತೇ ಇಲ್ಲ.
ಕನ್ನಡಿ ನೋಡಿಕೊಂಡು
ಮನೆಗೆ ಯಾರೋ ನುಗ್ಗಿದ್ದಾರೆಂದು ಕೂಗುತ್ತದೆ.

ಒಳಗೆ ಏನಿದೆ ಮಹಾ?
ಹದಿನೇಳು ಹೆಂಗಸರು ಹೆಣೆದ ಕೈಗವಸುಗಳ ಲೆಕ್ಕ.
ಯಾರಿಗೆ ಎಷ್ಟು ಉಣ್ಣೆ, ಯಾರಿಗೆ ಎಷ್ಟು ಬಾಕಿ,
ಬರ್ನಿಸ್‌ಗೆ ಹಿಂದಿನ ತಿಂಗಳದ್ದೂ ಸೇರಿ ಅರವತ್ತೆರಡು.
ಶನಿವಾರ ದುಡ್ಡು ಹಂಚಬೇಕು.
ಪರದೆ ಗಂಟೆಗೊಮ್ಮೆ ತಾನೇ ಆರುತ್ತದೆ,
ಬರ್ನಿಸ್ ಎಂಬ ಹೆಸರಿನ ನಡುವೆಯೇ.

ಪಕ್ಕದ ಮನೆಯ ಹುಡುಗ, ಹೆಸರು ಬೇಡ,
ಎಲ್ಲವನ್ನೂ ಕದ್ದು ಹಾಕಿಕೊಂಡಿದ್ದಾನೆ.
ಅವನ ಯಂತ್ರ ಅವನನ್ನು ಒಂದು ದಿನವೂ
ಯಾರಪ್ಪಾ ನೀನು ಅಂದಿಲ್ಲ.
ನಿಮ್ಮದನ್ನೂ ಹಾಗೇ ಮಾಡಿಕೊಡಲಾ ಆಂಟಿ, ಅಂದ, ಕನಿಕರದಿಂದ.
ದುಡ್ಡು ಕೊಟ್ಟವಳಿಗೆ ಕಳ್ಳನ ಕನಿಕರ!

ಫೋನು ಮಾಡಿದೆ.
ಅಂಕಿಗಳನ್ನು ಓದಿ, ಎಂದಿತು ಒಂದು ಯಂತ್ರದ ದನಿ.
ಆರಾರರಂತೆ ಒಂಬತ್ತು ಗುಂಪು.
ಓದಿದೆ. ನಡುವೆ ಕೆಟಲು ಸಿಳ್ಳೆ ಹಾಕಿತು.
ಕ್ಷಮಿಸಿ, ಅರ್ಥವಾಗಲಿಲ್ಲ. ಮೊದಲಿನಿಂದ.
ಓದಿದೆ. ಎಲ್ಡ್ರೆಡ್ ಕೆಮ್ಮಿದ.
ಅವನ ಕೆಮ್ಮನ್ನು ಅದು ಏಳು ಎಂದು ಬರೆದುಕೊಂಡಿತು.
ಮೂರನೆಯ ಸಲ ಅವನನ್ನು ಸೌದೆಗೆ ಅಟ್ಟಿ,
ಕೆಟಲು ಇಳಿಸಿ, ನಾಯಿಯನ್ನೂ ಹಿಮಕ್ಕೆ ತಳ್ಳಿ,
ಬಾಗಿಲು ಹಾಕಿಕೊಂಡು ಓದಿದೆ,
ಚರ್ಚಿನಲ್ಲೂ ನಾನು ಇಷ್ಟು ಸ್ಪಷ್ಟವಾಗಿ ಓದಿದವಳಲ್ಲ.

ಕೊನೆಗೆ ಮನುಷ್ಯರ ದನಿ. ಹೆಣ್ಣು.
ಅವಳ ಹಿಂದೆ ಎಲ್ಲೋ ಮಳೆ ಸುರಿಯುತ್ತಿತ್ತು.
ಎಷ್ಟು ಯಂತ್ರಗಳಲ್ಲಿ ಹಾಕಿದ್ದೀರಿ?
ಒಂದು.
ಖಚಿತವೇ?
ಈ ಮನೆಯಲ್ಲಿ ಒಲೆಯೂ ಒಂದೇ, ತಾಯಿ, ಗಂಡನೂ ಒಬ್ಬನೇ.
ನಕ್ಕಳು. ನಗಬಾರದೆಂಬ ನಿಯಮವಿರಬೇಕು,
ತಕ್ಷಣ ಗಂಟಲು ಸರಿಮಾಡಿಕೊಂಡಳು.
ಹಾಗಾದರೆ, ಏನಾದರೂ ಭಾಗ ಬದಲಿಸಿದ್ದೀರಾ?

ಕಿಟಕಿಯಾಚೆ ಎಲ್ಡ್ರೆಡ್ ಬರುತ್ತಿದ್ದ,
ತೋಳತುಂಬ ಸೌದೆ,
ಟೈಟೇನಿಯಂ ಸೊಂಟದ ಮೇಲೆ ಕೊಂಚ ಎಡಕ್ಕೆ ವಾಲಿ.
ಹೌದು, ಅಂದೆ. ಬದಲಿಸಿದ್ದೇವೆ.
ಅದೇ ಇದು.

ಅವಳು ಅಂಕಿ ಹೇಳುತ್ತ ಹೋದಳು.
ಕಾಗದ ಕೈಗೆ ಸಿಗದೆ ಹಿಟ್ಟಿನ ಕಪಾಟಿನ ಬಾಗಿಲ ಒಳಮೈಗೆ,
ಮಕ್ಕಳ ಎತ್ತರದ ಗೆರೆಗಳ ಪಕ್ಕ, ಪೆನ್ಸಿಲಿನಲ್ಲಿ ಬರೆದುಕೊಂಡೆ.
ಒತ್ತಿದೆ. ಪರದೆ ನೀಲಿಯಾಯಿತು.
ಧನ್ಯವಾದ, ನಿಮ್ಮದು ಅಸಲಿ, ಎಂದಿತು,
ಏನೂ ಆಗಿಲ್ಲವೆಂಬಂತೆ.
ಬರ್ನಿಸ್‌ಳ ಅರವತ್ತೆರಡು ಅಲ್ಲೇ ಇತ್ತು.
ನಾಯಿ ಬಾಗಿಲು ಕೆರೆಯುತ್ತಿತ್ತು.

ಅಂಕಿಗಳನ್ನು ಅಳಿಸಿಲ್ಲ.
ಬೇಸಿಗೆಯಲ್ಲಿ ಕಪಾಟಿಗೆ ಬಣ್ಣ ಹೊಡೆಯುವಾಗ
ಅಷ್ಟು ಜಾಗ ಬಿಡು ಅಂದಿದ್ದೇನೆ ಎಲ್ಡ್ರೆಡ್‌ಗೆ.
ಯಾಕೆಂದು ಅವನು ಕೇಳಲಿಲ್ಲ.