ಮೇ ತಿಂಗಳ ಕೊನೆಯ ಬುಧವಾರ

ಆವತ್ತು ತಲೆ ಎಣಿಸುತ್ತೇವೆ. ದೇಶಕ್ಕೆ ದೇಶವೇ.
ಆವತ್ತು ಹಾಜರಿ ಪುಸ್ತಕದಲ್ಲಿದ್ದರೆ ಮಗು;
ಆಮೇಲೆ ದೋಣಿಯಿಂದ ಇಳಿದವಳು
ಬರುವ ವರ್ಷದ ತನಕ
ಬರೀ ಹೊಟ್ಟೆ, ಎರಡು ಜಡೆ, ಒಂದು ಹರಕು ಚೀಲ.

ತಾಯ್ನಾರಾ ಇಳಿದದ್ದು ಶುಕ್ರವಾರ.
ಜುರುವಾ ನದಿ ಮೈದುಂಬಿ ಶಾಲೆಯ ಮೆಟ್ಟಿಲು ನೆಕ್ಕುತ್ತಿತ್ತು.
ಅವಳ ಪಾಲಿನ ದುಡ್ಡು ಇನ್ನೂ ಮೇಲ್ದಂಡೆಯಲ್ಲೇ,
ಬಿಟ್ಟುಬಂದ ಊರಿನ ಖಾತೆಯಲ್ಲಿ,
ಅವಳಿಲ್ಲದ ಬೆಂಚಿನ ಮೇಲೆ ಕೂತು ಪಾಠ ಕೇಳುತ್ತಿದೆ.

ನಾನು ದೆವುಜಿಮಾರ್, ಪುರಸಭೆಯ ಲೆಕ್ಕಿಗ.
ಇಪ್ಪತ್ತಾರು ವರ್ಷದಿಂದ ಇದೇ ಕುರ್ಚಿ, ಇದು ಮೂರನೆಯ ಫ್ಯಾನು.
ನಮ್ಮಲ್ಲಿ ಒಂದು ಮಗು ಒಂದು ಮಗುವಲ್ಲ.
ಪೇಟೆಯಲ್ಲಿ ಒಂದು. ನದಿಯಂಚಿನಲ್ಲಿ ಒಂದೂ ಚಿಲ್ಲರೆ.
ಇಡೀ ದಿನದ ಶಾಲೆಯಾದರೆ ಇನ್ನೊಂದಿಷ್ಟು ತೂಕ.
ದಶಮಾಂಶದ ಆಚೆಗಿನ ಆ ಚೂರು ಯಾವುದು,
ಕಿರುಬೆರಳೋ, ಉದುರಿದ ಹಾಲುಹಲ್ಲೋ,
ಬ್ರಸೀಲಿಯಾದವರಿಗೇ ಗೊತ್ತು.

ಎಲ್ಲರ ತೆರಿಗೆಯನ್ನೂ ಒಂದೇ ಹಂಡೆಗೆ ಸುರಿದು
ಎಣಿಸಿದ ತಲೆಗಳಿಗೆ ಬಡಿಸುತ್ತಾರೆ.
ಬಡ ರಾಜ್ಯದ ಹಂಡೆ ತುಂಬದಿದ್ದರೆ
ಒಕ್ಕೂಟ ಮೇಲಿಂದೊಂದು ಸೌಟು ಹಾಕುತ್ತದೆ.
ಹಾಕಿ, ಕೊಟ್ಟೆ ಎಂದು ಬರೆದುಕೊಳ್ಳುತ್ತದೆ.
ರಾಜ್ಯ, ಅದನ್ನೇ ದಾಟಿಸಿ, ಕೊಟ್ಟೆ ಎನ್ನುತ್ತದೆ.
ನಾವು ಅದರಲ್ಲೇ ಡೀಸೆಲ್ ಹಾಕಿಸಿ
ಖರ್ಚು ಮಾಡಿದೆವು ಎನ್ನುತ್ತೇವೆ.
ಒಂದೇ ಎಮ್ಮೆ, ಮೂರು ಮನೆಯಲ್ಲಿ ಹಾಲಿನ ಲೆಕ್ಕ.
ಕೂಡಿಸಿದವರೆಲ್ಲ ಎದೆಯುಬ್ಬಿಸಿ ಓಡಾಡಿದರು;
ಕಳೆಯುವವನು ನಾನೊಬ್ಬ, ಅಪಶಕುನದ ಮುದುಕ.

ಹಾಂ, ಡೀಸೆಲ್. ಡೀಸೆಲ್ ಶಿಕ್ಷಣ. ಕಾನೂನಿನಲ್ಲಿದೆ.
ಮಕ್ಕಳನ್ನು ಹೊತ್ತು ತರುವ ದೋಣಿ ಶಿಕ್ಷಣ,
ಅದರ ಪ್ರೊಪೆಲ್ಲರಿನ ಮುರಿದ ರೆಕ್ಕೆ ಶಿಕ್ಷಣ.
ಅನ್ನ ಅಲ್ಲ.
ಕಾಳು ಅಲ್ಲ, ಒಣಮೀನು ಅಲ್ಲ, ಮರಗೆಣಸಿನ ಹಿಟ್ಟು ಅಲ್ಲ.
ಅದಕ್ಕೆ ಬೇರೆ ಖಾತೆ, ಬೇರೆ ಬಣ್ಣದ ಕಡತ.
ನಮ್ಮ ಮೇಯರು ಒಮ್ಮೆ ಶಾಲೆ ಮುಂದಿನ ರಸ್ತೆಗೆ ಟಾರು ಹಾಕಿಸಿ
ಶಿಕ್ಷಣದ ಕಾಲುಪಾಲಿಗೆ ಅದನ್ನೂ ತುರುಕು ಎಂದ.
"ಮಕ್ಕಳು ನಡೆಯೋದು ಅದರ ಮೇಲೇ ತಾನೆ?"
ನಡೆಯುತ್ತಾರೆ ಸ್ವಾಮಿ. ಗಾಳಿಯನ್ನೂ ಉಸಿರಾಡುತ್ತಾರೆ.
ಅಂದಿನಿಂದ ನನ್ನ ಫ್ಯಾನು ರಿಪೇರಿಯಾಗಿಲ್ಲ.

ಆಗಸ್ಟಿನಲ್ಲಿ ಶಾಲೆಗೆ ಹೋದೆ, ರಸೀದಿ ತಾಳೆ ನೋಡಲು.
ಅಡುಗೆಯ ಓಸ್ಮರಿನಾಗೆ ಬರುವುದು ಮೂವತ್ತೊಂದು ಮಕ್ಕಳ ಕಾಳು.
ತಟ್ಟೆ ಎಣಿಸಿದೆ. ಮೂವತ್ತೆರಡು.
"ಇದು ಹ್ಯಾಗೆ?" ಎಂದೆ, ಪೆನ್ನು ತೆಗೆದು.
ಅವಳು ಸೌಟು ಎತ್ತಿ ತೋರಿಸಿದಳು, ಮೊದಲು ನನಗೆ,
ಆಮೇಲೆ ನೀರಿನ ಕೊಡಕ್ಕೆ.
"ಒಂದೇ ಸೌಟು. ಎಲ್ಲರ ಸಾರೂ ಅಷ್ಟಷ್ಟು ತೆಳು.
ಯಾರ ನಾಲಿಗೆಗೂ ಗೊತ್ತಾಗಲ್ಲ.
ನೀನು ಮಾತ್ರ ಬರೀಬೇಡ."

ಬರೆಯಲಿಲ್ಲ. ಹಾಗಂತ ನಾನು ಒಳ್ಳೆಯವನೇನಲ್ಲ;
ಆ ಫಾರಮಿನಲ್ಲಿ ನೀರಿಗೆ ಕಾಲಮ್ಮು ಇಲ್ಲ.

ಸಂಜೆ ವಾಪಸಾಗುವಾಗ ಅವಳೂ ಅದೇ ದೋಣಿಯಲ್ಲಿ.
ಹಲಗೆಯ ಮೇಲೆ ಜಾಗವಿರಲಿಲ್ಲ,
ಡೀಸೆಲ್ ಡಬ್ಬದ ಮೇಲೆ ಕೂತಿದ್ದಳು.
ದಂಡೆಯ ಮರವೊಂದರ ಕಾಂಡದ ಮೇಲೆ
ಒಣಗುತ್ತಿರುವ ಕೆಸರುಗೆರೆ ತೋರಿಸಿ,
"ನಿನ್ನೆ ಅಲ್ಲಿತ್ತು ನೀರು" ಎಂದಳು.
ಒಂದು ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ,
"ನಾಲ್ಕು ಬೆರಳು" ಎಂದಳು.
ಮತ್ತೆ ನೋಡಿ, ತಿದ್ದಿಕೊಂಡಳು:
"ನಾಲ್ಕೂ ಚಿಲ್ಲರೆ."