ಒತ್ತಕ್ಷರ ಬಾಕಿ

ಜ್ವರ ಬಿಟ್ಟು ಇಪ್ಪತ್ತೆರಡು ದಿನ.
ರಿಪೋರ್ಟಿನಲ್ಲಿ ಎಲ್ಲ ನಾರ್ಮಲ್.
ಪ್ಲೇಟ್‌ಲೆಟ್‌ಗಳು, ಊರು ಬಿಟ್ಟು ಹೋದವರು
ಹಬ್ಬಕ್ಕೆ ತಿರುಗಿ ಬಂದಂತೆ,
ಒಂದೂವರೆ ಲಕ್ಷ ದಾಟಿ ಕೂತಿವೆಯಂತೆ.
ನಾನೇ ಇನ್ನೂ ಬಂದಿಲ್ಲ.

ಹಲ್ಲುಜ್ಜಿ ಕಟ್ಟೆಯ ಮೇಲೆ ಕೂತರೆ
ಒಂದು ಗೋಡೆ ಬಳಿದಷ್ಟು ಸುಸ್ತು.
ಅಂಗಿಗೆ ಐದು ಗುಂಡಿ.
ಮೂರನೆಯದಕ್ಕೆ ತಡೆದು, ಉಸಿರು ಬಿಟ್ಟು,
ಉಳಿದೆರಡನ್ನು ಹಾಗೇ ಬಿಡುತ್ತೇನೆ.

ತೇಜಮ್ಮ ನೋಡಿಯೂ ನೋಡದಂತೆ ಇರುತ್ತಾಳೆ.
ಪಪ್ಪಾಯಿ ಎಲೆ ಅರೆದ ಒಳ್ಳುಕಲ್ಲು
ಇನ್ನೂ ಕಹಿ ಬಿಟ್ಟಿಲ್ಲ,
ಅದರಲ್ಲಿ ಕುಟ್ಟಿದ ಶೇಂಗಾ ಚಟ್ನಿಯೂ ಕಹಿ.
"ಕಲ್ಲಿಗೇ ಇಷ್ಟು ದಿನ ಹಿಡದದ," ಅಂತಾಳೆ,
"ನಿಮ್ಮದೇನು ಮಾತು."

ಚೌಬಾರದ ಹತ್ತಿರ ಸಿಕ್ಕವರೆಲ್ಲ,
"ಏನ್ ಘಾಳೆಪ್ಪ, ಆರಾಮ ಆಯ್ತಲ್ಲ?"
ಆರಾಮ ಅಂದರೆ ಗುಣ,
ಆರಾಮ ಅಂದರೆ ಸುಮ್ಮನೆ ಬಿದ್ದಿರುವುದು.
ಒಂದಕ್ಕೆ ಇನ್ನೊಂದು ಎಷ್ಟು ಬೇಕು,
ಲೆಕ್ಕ ಯಾರಿಗೂ ಗೊತ್ತಿಲ್ಲ.
"ಆಯ್ತ್ರಿ," ಅಂತೇನೆ.
ಇಲ್ಲ ಅನ್ನಲು ನಿಂತು ಮಾತಾಡಬೇಕಾಗುತ್ತದೆ.

ಡಾಕ್ಟರಮ್ಮ ಫೀಸು ತಗೊಳ್ಳಲಿಲ್ಲ.
"ಒಂದು ಬೋರ್ಡ್ ಬರೆದುಕೊಡಿ. ಅವಸರ ಇಲ್ಲ."
ಬರೆಯಬೇಕಾದ್ದು: ಸ್ವಾಸ್ಥ್ಯ.
ಊರಲ್ಲಿರುವ ಶಬ್ದಗಳನ್ನೆಲ್ಲ ಬಿಟ್ಟು ಅದೇ!
ಮೊದಲ ಅಕ್ಷರದ ಕೆಳಗೆ ವ,
ಮುಂದಿನದರ ಕೆಳಗೆ ಥ, ಥದ ಮಗ್ಗುಲಿಗೆ ಯ,
ಸಣ್ಣ ಮನೆಯಲ್ಲಿ ಒಬ್ಬರ ಕಾಲ ಬುಡಕ್ಕೆ
ಒಬ್ಬರು ಮಲಗಿದಂತೆ.
ಎಮ್ಮೆ ಮಾರ್ಕಿನ ಹಿಂಡಿಗೂ, ಎಲೆಕ್ಷನ್ನಿನ ಗೋಡೆಗೂ,
ಮೂವತ್ತು ವರ್ಷ ಒತ್ತು ಕೊಟ್ಟ ಕೈ ಇದು.
ಬ್ರಶ್ಶಿಗೂ ತೂಕವಿದೆ ಅಂತ
ಈಗ ಗೊತ್ತಾಗುತ್ತಿದೆ ಇದಕ್ಕೆ.

ಬಲಗಡೆಯಿಂದ ಉರ್ದುವಿನಲ್ಲಿ
ತಾಜುದ್ದೀನ್ 'ಸೆಹತ್' ಬರೆಯುತ್ತ ಬಂದ.
ಹತ್ತೊಂಬತ್ತರ ಹುಡುಗ, ಸೀಟಿ ಹೊಡೆಯುತ್ತಲೇ ಮುಗಿಸಿದ.
ಎಡಗಡೆಯಿಂದ ನಾನು.
ನಡುವೆ ಎಲ್ಲೋ ಇಬ್ಬರೂ ಕೂಡುವುದು,
ಚಹಾ ಅಲ್ಲಿಯೇ ಕುಡಿಯುವುದು ನಮ್ಮ ವಾಡಿಕೆ.
ಈ ಸಲ ಚಹಾ
ನಾನಿದ್ದಲ್ಲಿಗೆ ನಡೆದು ಬಂತು.

ಮೇಲೆ ವಿಮಾನ ಕಲಿಯುವ ಹುಡುಗರು
ಬೀದರಿನ ಆಕಾಶಕ್ಕೆ ಉದ್ದ ಗೀಟೆಳೆದು ಹೋದರು.
ಒಂದೂ ಸೊಟ್ಟ ಇಲ್ಲ.
ಹೊಟ್ಟೆಕಿಚ್ಚು ಪಡಲಿಕ್ಕೂ ಸ್ವಲ್ಪ ಶಕ್ತಿ ಬೇಕು ನೋಡಿ.

ಮೊದಲ ದಿನ ಬರೀ ಸೀಮೆಸುಣ್ಣದ ದಾರ.
ಎರಡನೆಯ ದಿನ ಸ್ವಾ.
ಮೂರನೆಯ ದಿನ ಟರ್ಪೆಂಟೈನ್ ವಾಸನೆಗೇ
ಜ್ವರದ ರಾತ್ರಿಗಳೆಲ್ಲ ಎದ್ದು ಬಂದು
ನಿಚ್ಚಣಿಕೆಯ ಎರಡನೇ ಮೆಟ್ಟಿಲಿನಿಂದ ಇಳಿದುಬಿಟ್ಟೆ.
ನಾಲ್ಕನೆಯ ದಿನ ಇನ್ನೊಂದು ಸ,
ಅಷ್ಟಕ್ಕೇ ಕೈ ಅಂಗಡಿ ಮುಚ್ಚಿತು.

ಐದನೆಯ ದಿನ ಬೆಳಿಗ್ಗೆ
ಮೂರನೇ ಇಯತ್ತೆಯ ಹುಡುಗನೊಬ್ಬ
ಅಜ್ಜಿಯ ಕೈ ಹಿಡಿದು ಬೋರ್ಡಿನ ಕೆಳಗೆ ನಿಂತ.
ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಿದ:
"ಸ್ವಾ... ಸ. ಸ್ವಾಸ."
"ಮತ್ತೇನು, ಇದೇ ದವಾಖಾನಿ," ಅಂದಳು ಅಜ್ಜಿ,
ಎದೆಯೊಳಗೆ ಕೊಳಲಿನಂಥ ಸದ್ದು.
"ನನಗ ಸ್ವಾಸದ್ದೇ ತ್ರಾಸ ಅದ."
ಬಂದು ಬೆಂಚಿನ ಮೇಲೆ, ನನ್ನ ಪಕ್ಕ, ಕೂತಳು.

ಡಾಕ್ಟರಮ್ಮ ಹೊರಗೆ ಬಂದು, ತಲೆ ಎತ್ತಿ ಓದಿ,
ನಕ್ಕು, ಏನೂ ಅನ್ನದೆ
ಮೊದಲು ಅಜ್ಜಿಯನ್ನು ಒಳಗೆ ಕರೆದರು.

ಬೋರ್ಡು ಹಾಗೇ ಇದೆ.
ಥ, ನಾಳೆ ನಾಡಿದ್ದು.
ಯ, ನೋಡೋಣ.
ತಾಜುದ್ದೀನ್ "ನಾನೇ ಹಾಕ್ಲಾ?" ಅಂದ, ಬೇಡ ಅಂದೆ,
ಸಿಟ್ಟಿನಿಂದಲ್ಲ.

ಬ್ರಶ್ಶನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಇಟ್ಟೆ.
ನಿಲ್ಲಿಸಬಾರದು ಅದನ್ನು,
ತನ್ನ ಭಾರಕ್ಕೇ ಕೂದಲು ಬಾಗಿ ಕೆಟ್ಟುಹೋಗುತ್ತದೆ.
ತಂತಿಗೆ ಕಟ್ಟಿ,
ತಳ ಮುಟ್ಟದ ಹಾಗೆ,
ಮುಳುಗಿಸಿ ತೂಗುಹಾಕಬೇಕು.