ಅಡಿಕೋಲು

ಊಟದ ಗಂಟೆ ಹೊಡೆದಿತ್ತು. ಯಾರೂ ಹೋಗಿರಲಿಲ್ಲ.
ಹಿಂದಿನ ಬೆಂಚಿನ ಸುತ್ತ ಗುಂಪು,
ನಡುವೆ ಹಿರ್ವಾ, ಕೈಯಲ್ಲಿ ನನ್ನದೇ ಅಡಿಕೋಲು.
ತೆತಾಳ ಮೂಗಿಗೆ ಅಡ್ಡ ಹಿಡಿದು
ಕೂಗುತ್ತಿದ್ದಾನೆ: ಮೂರೂವರೆ!
ಇರಾಕೋಜೆಗೆ ನಾಲ್ಕು. ನಾಲ್ಕು ಬಂದವನು
ಸೊಂಟದ ಮೇಲೆ ಕೈಯಿಟ್ಟು ಕುಣಿದ.
ಎಲ್ಲರೂ ನಕ್ಕರು. ಆಟ, ಅಷ್ಟೆ.
ಯಾವ ಮನೆಯಲ್ಲಿ ಯಾರು ತಗ್ಗಿದ ದನಿಯಲ್ಲಿ ಆಡಿದ್ದೋ,
ಇಲ್ಲಿ ಮೂಗಿನ ಮೇಲೆ ಬಂದು ಕೂತಿತ್ತು
ನೊಣದ ಹಾಗೆ.

ಕೋಲು ಕಸಿದುಕೊಂಡೆ. ಏಟು ಬೀಳುವುದೆಂದು
ಹಿರ್ವಾ ತಾನೇ ಅಂಗೈ ಚಾಚಿದ.
ಆ ಅಂಗೈಗೆ ಏನು ಕೊಡಬೇಕೋ ತಿಳಿಯದೆ
ಕೂತ್ಕೊಳ್ಳಿ ಎಂದೆ.

ಪುಸ್ತಕದಲ್ಲಿ ಇದಕ್ಕೊಂದು ಪಾಠವಿದೆ.
ಇಸವಿ ಇದೆ, ಸತ್ತವರ ಸಂಖ್ಯೆ ಇದೆ,
ಸೊನ್ನೆಗಳನ್ನು ತಪ್ಪಿಲ್ಲದೆ ಬರೆದರೆ ಅಂಕವಿದೆ.
ಪುಸ್ತಕ ತೆರೆಯಲಿಲ್ಲ ನಾನು.

ಹೇಳಿದೆ: ಇದೇ ಗುಡ್ಡ, ಇದೇ ಶಾಲೆ,
ಆಗ ಬಾಗಿಲಿಗೆ ಬಣ್ಣ ಇರಲಿಲ್ಲ.
ನಾನು ಎರಡನೇ ತರಗತಿ.
ಮ್ವಾರಿಮು ಸಿಲಿದಿಯೊ ಹಾಜರಿ ಪುಸ್ತಕ ಬಿಡಿಸಿ,
ಅಡಿಕೋಲಿಟ್ಟು ನಡುವೆ ಗೆರೆ ಎಳೆದು,
ಹುಟುಗಳು ಏಳಿ ಎಂದರು.
ಪಕ್ಕದ ಗೋಡಾನ್ಸ್ ಎದ್ದಳು. ನಾನೂ ಎದ್ದೆ.
ಅವಳು ನೀರಿಗೆ ಹೋದರೆ ನಾನೂ ಹೋಗುವವಳು,
ಅವಳಿಗೆ ಕೆಮ್ಮು ಬಂದರೆ ನನಗೂ ಬರುತ್ತಿತ್ತು.
ಮ್ವಾರಿಮು ಕನ್ನಡಕದ ಮೇಲಿಂದ ನೋಡಿ
ನೀನಲ್ಲ, ಮನೆಗೆ ಹೋಗಿ ಅಪ್ಪನನ್ನು ಕೇಳಿಕೊಂಡು ಬಾ ಎಂದರು.

ಅಪ್ಪ ಹಾಲು ಕರೆಯುತ್ತಿದ್ದ. ಕೇಳಿದೆ.
ಪಾತ್ರೆಯೊಳಗಿನ ಸದ್ದು ನಿಂತಿತು.
ಹಸು ತಿರುಗಿ ನೋಡಿತು.

ಮಾರನೆಯ ದಿನ ನಾನು ತಪ್ಪು ಮಾಡಲಿಲ್ಲ.
ತುತ್ಸಿಗಳು ಏಳಿ ಎಂದಾಗ ಎದ್ದೆ. ನಾವು ಏಳು ಮಂದಿ.
ಕೂತಲ್ಲಿಂದಲೇ ಗೋಡಾನ್ಸ್
ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು,
ಶಾಲೆಗೆ ಹೊಸದಾಗಿ ಸೇರಿದವಳನ್ನು ನೋಡುವ ಹಾಗೆ.

ಆ ಮ್ವಾರಿಮು ಕೆಟ್ಟವರಾ? ತೆತಾ ಕೇಳಿದಳು.

ನನ್ನ ಮೊಣಕಾಲು ತರಚಿದಾಗ
ತಮ್ಮ ಕರವಸ್ತ್ರ ಹರಿದು ಕಟ್ಟಿದವರು ಅವರೇ.
ಇವತ್ತಿಗೂ ಹದಿಮೂರರ ಮಗ್ಗಿ
ಅವರ ದನಿಯಲ್ಲೇ ನನಗೆ ಬರುವುದು.
ಗೆರೆ ಎಳೆದರು. ಒಂಚೂರೂ ಸೊಟ್ಟ ಇರಲಿಲ್ಲ.
ಎಂಟು ವರ್ಷ ಕಳೆದು, ಏಪ್ರಿಲಿನ ಮಳೆಯಲ್ಲಿ
ಯಾರೋ ಬಂದು ಪುಸ್ತಕ ಕೇಳಿದರು.
ಕೊಟ್ಟರು.
ಹುಡುಕುವ ಶ್ರಮವೇ ಇರಲಿಲ್ಲ ಬಂದವರಿಗೆ.

ಆ ಏಳರಲ್ಲಿ ನಾನು... ಎಂದು ಶುರುಮಾಡಿ ನಿಲ್ಲಿಸಿದೆ.
ಕಿಟಕಿಯಾಚೆ ನೀಲಗಿರಿ ಮರ ಅಲ್ಲಾಡುತ್ತಿತ್ತು.
ನನ್ನ ಮಕ್ಕಳು ಲೆಕ್ಕದಲ್ಲಿ ಜಾಣರು.
ಕಳೆದು ಉಳಿದದ್ದೆಷ್ಟೆಂದು ಯಾರೂ ಬಾಯಿ ಬಿಡಲಿಲ್ಲ.

ಆಗ ಇರಾಕೋಜೆ, ಈಗಷ್ಟೇ ಕುಣಿದವನು,
ಬೆಂಚಿನ ಅಂಚು ಹಿಡಿದು, ಅರ್ಧ ಎದ್ದು, ಅರ್ಧ ಕೂತು:
ನಮ್ಮ ತಾತ ಜೈಲಲ್ಲಿದ್ದರಂತೆ.
ನಾನು ಏಳಬೇಕಾ, ಮ್ವಾರಿಮು?

ಇಂಥ ಪ್ರಶ್ನೆಗೆಂದೇ ಎಷ್ಟೋ ವರ್ಷದಿಂದ
ಒಂದು ಉತ್ತರ ತಯಾರಿಟ್ಟುಕೊಂಡಿದ್ದೆ.
ಅದು ಬಾಯಿಗೆ ಬರಲಿಲ್ಲ.
ಹೋಗಿ ಅವನ ಪಕ್ಕ ಕೂತೆ. ಮೂರಡಿ ಬೆಂಚು,
ನನ್ನ ಮಂಡಿ ಮೇಜಿಗೆ ಬಡಿಯಿತು.
ತೆತಾ ಸ್ವಲ್ಪ ಸರಿದು ಜಾಗ ಮಾಡಿದಳು.
ಹಾಗೇ ಕೂತಿದ್ದೆವು, ಬೀನ್ಸ್ ಕಾಳು ಆರಿಹೋಗುವವರೆಗೆ.

ಮಧ್ಯಾಹ್ನದ ಹಾಜರಿ. ನನ್ನ ತರಗತಿಯಲ್ಲಿ
ಹೆಸರು ಕರೆದಾಗ ಯಾರೂ ಎದ್ದು ನಿಲ್ಲುವ ಪದ್ಧತಿಯಿಲ್ಲ.
ಯಾಕೆಂದು ಇಷ್ಟು ದಿನ ಯಾರೂ ಕೇಳಿರಲಿಲ್ಲ,
ಇವತ್ತೂ ಕೇಳಲಿಲ್ಲ.
ಇರಾಕೋಜೆ? ಎಂದೆ. ಅವನು ಕೈತೊಳೆಯಲು ಹೋಗಿದ್ದ.
ಮೂರು ನಾಲ್ಕು ದನಿ ಒಟ್ಟಿಗೆ: ಇದ್ದಾನೆ, ಇದ್ದಾನೆ.

ಏನು ಕಲಿತರೋ ಗೊತ್ತಿಲ್ಲ.
ಬೆಳಿಗ್ಗೆ ಬಂದು ನೋಡಿದರೆ ಮೇಜಿನ ಮೇಲಿನ ಅಡಿಕೋಲಲ್ಲಿ
ಮೂರೂವರೆಯ ಹತ್ತಿರ ಪೆನ್ಸಿಲಿನ ಗುರುತು,
ನಾಲ್ಕರ ಹತ್ತಿರ ಇನ್ನೊಂದು.
ಎಂಜಲು ಹಚ್ಚಿ ಹೆಬ್ಬೆರಳಿಂದ ಉಜ್ಜಿದೆ.
ಒಂದು ಹೋಯಿತು.
ಇನ್ನೊಂದನ್ನು ಉಜ್ಜುತ್ತಿರುವಾಗ ಗಂಟೆ ಹೊಡೆಯಿತು.